ಮಾರ್ಸೇಲ್ಸಿನ ಮುದುಕಿ ಕೊಟ್ಟ ರೊಟ್ಟಿ

ವಿಲಾಯತಿಯಲ್ಲಿ ಓದುತ್ತಿರುವ ಕಿರಿಮಗನಿಗೆ ಹೆಣ್ಣು ಮಗು ಹುಟ್ಟಿದೆ. ಅದನ್ನು ನೋಡಲು ಹಿರಿಮಗನ ಜೊತೆ ಸಿಂಗಟಗೆರೆಯಿಂದ ಹೊರಟಿದ್ದೇನೆ. ಹಿಗ್ಗಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಇವತ್ತು ಹಡಗು ದಾರಿಯಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ನಿಂತಿತು. ಮಗ ತಲೆ ಸುತ್ತಿ ಮಲಗಿದ್ದ.

"ದೂರ ಹೋಗ್ಬ್ಯಾಡ ಕಣವ್ವ. ಹಡಗು ತಪ್ಪಿದ್ರೆ ಇಲ್ಲೇ ಮೀನು ಮಾರ್ಕೊಂಡಿರ್ಬೇಕಾಯ್ತದೆ" ಅಂದ.

ಒಬ್ಬಳೇ ಇಳಿದು ಹೋದೆ. ಹಳೆಯ ಗಲ್ಲಿಯ ಮನೆಯೊಂದರ ಬಾಗಿಲಲ್ಲಿ ನನ್ನ ವಯಸ್ಸಿನ ಮುದುಕಿಯೊಬ್ಬಳು ಎಳೆಗೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೇಳದೆಯೇ ಎತ್ತಿಕೊಂಡುಬಿಟ್ಟೆ.

"ನಮ್ಮನೇಗೂ ನಿನ್ನಂಗೇ ಒಬ್ಳು ಬಂದವ್ಳೆ ಕಣೇ ಬಂಗಾರಿ" ಎಂದು ಮುದ್ದಾಡಿದೆ.

ಮುದುಕಿ ನಗುತ್ತಾ ಒಳಗಿನಿಂದ ರೊಟ್ಟಿ ತಂದು ಮುರಿದು ಕೊಟ್ಟಳು. ಬೇರೆ ಜಾತಿಯವರು ಮಾಡಿದ್ದನ್ನು ನಾವು ತಿನ್ನುವುದಿಲ್ಲ. ಹಡಗಿನಲ್ಲೂ ಮನೆಯಿಂದ ತಂದ ಹುರಿಹಿಟ್ಟನ್ನೇ ಕಲಸಿಕೊಳ್ಳುತ್ತಿದ್ದೇನೆ.

"ಬ್ಯಾಡ ಕಣಮ್ಮ" ಎಂದು ಕೈ ಹಿಂದಕ್ಕೆಳೆದುಕೊಂಡೆ.

ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಒಳಗೆ ಹೋಗಿ ತೊಳೆದು ಬಂದು, ಒದ್ದೆ ಅಂಗೈಗಳನ್ನು ನನಗೆ ತೋರಿಸಿ, ಬೇರೆ ತುಂಡು ಮುರಿದು ನೀಡಿದಳು. ಅಷ್ಟು ಹೊತ್ತೂ ಅವಳ ಮೊಮ್ಮಗು ನನ್ನ ತೋಳಿನಲ್ಲೇ ಇತ್ತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮಗುವನ್ನು ಅವಳ ಕೈಗೆ ಕೊಟ್ಟು, ರೊಟ್ಟಿ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಈಗ ಹಡಗು ಹೊರಟ ಮೇಲೆ ಬಿಚ್ಚಿ ತಿಂದೆ. ಅವಳ ಎದುರಿಗೇ ತಿನ್ನಬೇಕಿತ್ತು.