ರುದ್ರಪ್ಪನವರ ಮಾನಸ ಸರೋವರ

ರುದ್ರಪ್ಪನವರು ಯಾವ ಮದುವೆ ಕಾರ್ಡನ್ನೂ ನಂಬುತ್ತಿರಲಿಲ್ಲ. ಸುಲ್ತಾನ್‌ಪೇಟೆಯ ತಮ್ಮ ಕಾರ್ಡು ಅಚ್ಚುಹಾಕುವ ಅಂಗಡಿಯಲ್ಲಿ ಪ್ರೂಫ್ ಹಿಡಿದು, ಗಂಡಿನ ಅಪ್ಪನ ಎದುರಿಗೇ ಪಂಚಾಂಗ ತೆರೆದು, ವಾರಕ್ಕೂ ತಾರೀಖಿಗೂ ತಾಳೆ ನೋಡುವರು. "ಈಗ್ಲೇ ನೋಡ್ಕೊಳ್ಳಿ ಸ್ವಾಮಿ, ಅಚ್ಚಾದ್ಮೇಲೆ ತಿದ್ದೋಕಾಗಲ್ಲ" ಎನ್ನುವರು. ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಆ ಅನುಮಾನದ ಬುದ್ಧಿ ನನಗೂ ಅಂಟಿಕೊಂಡಿತ್ತೋ ಏನೋ, ನಾನು ಅನುಮಾನಿಸಿದ್ದು ಅವರನ್ನೇ.

ಅರವತ್ತೆಂಟನೆಯ ವಯಸ್ಸಿನಲ್ಲಿ ಅವರು ಮಾನಸ ಸರೋವರಕ್ಕೆ ಹೋಗಿಬಂದರು. ಹೋಗಿಬಂದೆ ಎಂದರು, ಅಷ್ಟೆ. ದಾರಿಯಲ್ಲಿ ಕುಡಿದ ಬೆಣ್ಣೆ ಚಹಾ, ಗುಡ್ಡದ ಮೇಲಿನ ಬೌದ್ಧ ಮಠ, ಕಣ್ಣು ಮುಚ್ಚುವಷ್ಟು ಕೂದಲು ಬಿಟ್ಟ ಯಾಕ್‌ಗಳು, ಎಲ್ಲವನ್ನೂ ಬಣ್ಣಿಸುವರು. ಸರೋವರ ಹೇಗಿತ್ತು ಎಂದರೆ ಮಾತ್ರ ಕನ್ನಡಕ ಒರೆಸುತ್ತ, "ದೊಡ್ಡದಾಗಿತ್ತಪ್ಪ" ಎಂದು ಒಳಗೆ ಹೋಗಿಬಿಡುವರು. ಬೀದಿಯಲ್ಲಿ ಒಬ್ಬರಿಗೂ ತೀರ್ಥ ಹಂಚಲಿಲ್ಲ. ಇವರು ಹರಿದ್ವಾರದಿಂದಲೇ ವಾಪಸ್ ಬಂದಿದ್ದಾರೆ ಎಂದು ನಾನು ತೀರ್ಮಾನಿಸಿದೆ.

ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು. "ರುದ್ರಪ್ನೋರ ಹತ್ರ ಇಸ್ಕೊಂಡ್ ಬಾರೋ, ಒಂದು ತೊಟ್ಟು ನಾಲಿಗೆ ಮೇಲೆ ಬಿದ್ರೆ ಸಾಕು" ಎಂದಳು. ಹೋಗಿ ಕೇಳಿದೆ.

"ಖಾಲಿ ಆಯ್ತಲ್ಲಪ್ಪ" ಎಂದರು. ಅವರ ಬೆನ್ನ ಹಿಂದೆಯೇ, ದೇವರ ಗೂಡಿನಲ್ಲಲ್ಲ, ಔಷಧಿ ಡಬ್ಬಗಳ ಪಕ್ಕದಲ್ಲಿ, ಅರಿಶಿನದ ದಾರ ಕಟ್ಟಿದ ಬಾಟಲಿ ಕಂಠಮಟ್ಟ ತುಂಬಿತ್ತು. ನಿಜವಾದ ತೀರ್ಥವಾಗಿದ್ದರೆ ದೇವರ ಮುಂದಿರುತ್ತಿರಲಿಲ್ಲವೇ? ನನಗೆ ಮೈಯೆಲ್ಲ ಉರಿಯಿತು. ನೇರ ಮನೆಗೆ ಬಂದವನೇ, "ಅವರು ಹೋಗೇ ಇಲ್ಲಮ್ಮ, ಎಲ್ಲ ಬುರುಡೆ" ಎಂದುಬಿಟ್ಟೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಮೂರನೆಯ ದಿನ ಹೋಗಿಬಿಟ್ಟಳು.

ತಿಂಗಳಾದ ಮೇಲೆ ರುದ್ರಪ್ಪನವರೇ ಹೇಳಿಕಳಿಸಿದರು. ತುಂಬ ಸೊರಗಿದ್ದರು. ಅದೇ ಬಾಟಲಿ ಎದುರಿಗಿತ್ತು.

"ಅಲ್ಲಿ ಅಕ್ಕಪಕ್ಕ ಎರಡು ಸರೋವರ ಇದಾವೆ ಕಣಪ್ಪ. ಸಿಹಿನೀರಿಂದು ಮಾನಸ, ಉಪ್ಪುನೀರಿಂದು ರಾಕ್ಷಸತಾಲ. ಅದನ್ನ ಯಾರೂ ಮುಟ್ಟಲ್ಲ. ನಾನು ಉಸಿರು ಕಟ್ಟಿ ಬಸ್ಸಲ್ಲೇ ಮಲಗಿದ್ದೆ. ಎಲ್ಲೋ ನಿಲ್ಸಿದ್ರು, ಇದೇ ಮಾನಸ ಅಂದ್ಕೊಂಡು ಇಳಿದು ತುಂಬಿಸ್ಕೊಂಡ್ಬಿಟ್ಟೆ. ಮತ್ತೆ ಹೋಗಿ ಮಲಗಿದೋನು, ಮುಂದೆ ನಿಲ್ಸಿದಾಗ ಏಳ್ಲೇ ಇಲ್ಲ. ಮನೆಗೆ ಬಂದು ಬಾಯಿಗೆ ಹಾಕ್ಕೊಂಡಾಗ್ಲೇ ಗೊತ್ತಾಗಿದ್ದು. ಊರೋರ ತಪ್ಪೆಲ್ಲ ಹುಡುಕೋನು ನಾನು, ಹೇಗೆ ಬಾಯ್ಬಿಡ್ಲಿ? ಕೊನೇಗಾಲದಲ್ಲಿ ಆ ತಾಯಿ ಬಾಯಿಗೆ ರಾಕ್ಷಸನ ನೀರು ಹೇಗೆ ಹಾಕ್ಲಿ, ನೀನೇ ಹೇಳು."

ಮುಚ್ಚಳ ತೆಗೆದು ನಾಲಿಗೆಗೆ ತಾಕಿಸಿಕೊಂಡೆ. ಉಪ್ಪುಪ್ಪಾಗಿತ್ತು. ಅವರು ಹೋಗಿಬಂದದ್ದು ನಿಜ.

"ಅಮ್ಮ ಬೇಜಾರು ಮಾಡ್ಕೊಂಡ್ರಾ?" ಎಂದು ಕೇಳಿದರು.

"ಇಲ್ಲ, ನಿಮ್ಮ ಹತ್ರ ಖಾಲಿಯಾಗಿದೆ ಅಂತ ಹೇಳ್ದೆ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಮುಂದಿನ ವಾರ ಅವರೂ ಹೋದರು. ಅವತ್ತು ಅವರು ಕೊಟ್ಟ ಬಾಟಲಿ ನನ್ನ ಬಳಿಯೇ ಇದೆ. ಅಮ್ಮನಿಗೆ ನಿಜವಾಗಿ ಏನು ಹೇಳಿದ್ದೆ ಎಂಬುದನ್ನು ಅವರಿಗೆ ಹೇಳಲಾಗಲಿಲ್ಲ.