ಗೌರಕ್ಕ ಪಾಸು ಮಾಡದ ಯಂತ್ರ

ಗೌರಕ್ಕ ಶಾಖ ತೋರಿಸುವ ಮೀಟರನ್ನು ನಂಬುತ್ತಿದ್ದಳು, ಆದರೆ ಪೂರ್ತಿಯಾಗಿ ಅಲ್ಲ. ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ವಾರ್ಮರಿನ ಕೆಳಗೆ ತನ್ನ ಮಣಿಕಟ್ಟನ್ನು ಮೇಲ್ಮುಖವಾಗಿ ಒಡ್ಡಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದಳು. ಇಂಜಿನಿಯರು ಅವಸರಪಡಿಸಿದರೆ, "ಇಲ್ಲಿ ಮಲಗೋದು ಮೀಟ್ರಲ್ಲ ಸಾ, ಕೂಸು" ಎನ್ನುವಳು.

ನಂಜನಗೂಡಿನ ಕೈಗಾರಿಕಾ ಪ್ರದೇಶದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಕೊನೆಯ ತಪಾಸಣೆ ಅವಳದು. ಅವಳು ಒಪ್ಪಿದ ಯಂತ್ರಕ್ಕೆ ಪ್ರಮಾಣಪತ್ರ ಬರೆದು ಸಹಿ ಹಾಕುವ ಕೆಲಸ ನನ್ನದು. ಹದಿನಾರು ಎಂಬ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಅವಳು ಓದಿದ್ದು ಹತ್ತನೆಯ ತರಗತಿ. ಒಮ್ಮೆ ತಿ. ನರಸೀಪುರದ ನರ್ಸಿಂಗ್ ಹೋಮಿಗೆ ಯಂತ್ರ ಕೂರಿಸಲು ಹೋದವಳು ಅರ್ಧ ದಿನ ಅಲ್ಲೇ ನಿಂತು ನೋಡಿಕೊಂಡು ಬಂದಳು.

"ಅಲ್ಲಿ ಗಳಿಗೆಗೊಂದ್ಸಲ ಕರೆಂಟು ಓಯ್ತದೆ, ಬತ್ತದೆ. ಬಂದಾಗೆಲ್ಲ ನಮ್ ಮಿಸನ್ನು ಮೊದ್ಲಿಂದ ಸುರು ಮಾಡ್ತದೆ. ನರ್ಸಮ್ಮ ಒಬ್ಳೇ, ಎಷ್ಟು ಸಲ ಬಟನ್ ಒತ್ತಾಳು ಸಾ?"

ಇಂಜಿನಿಯರು ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡನ್ನೇ ಬದಲಿಸಿದರು. ಕರೆಂಟು ಬಂದೊಡನೆ ಯಂತ್ರ ನಿಂತಲ್ಲಿಂದಲೇ ಮುಂದುವರಿಯತೊಡಗಿತು. ಸುತ್ತಲಿನ ಊರುಗಳ ಆಸ್ಪತ್ರೆಯವರು ಅದನ್ನೇ ಕೇಳಿಕೊಂಡು ಬಂದರು. ಇನ್ನು ಹೊರದೇಶದ ಯಂತ್ರಗಳ ಹಂಗಿಲ್ಲ ಎಂದು ಮಾಲೀಕರು ಎಲ್ಲರೆದುರು ಹಿಗ್ಗಿ ಹೇಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಅದೇ ನರ್ಸಿಂಗ್ ಹೋಮಿನಿಂದ ಫೋನ್ ಬಂತು. ಹೊಸದಾಗಿ ಕಳಿಸಿದ ವಾರ್ಮರಿನಲ್ಲಿ, ಶಾಖ ಹೆಚ್ಚಾದರೆ ಕೂಗಬೇಕಾದ ಅಲಾರಂ ಕೂಗುತ್ತಿಲ್ಲವಂತೆ. ಇಂಜಿನಿಯರು ಊರಿನಲ್ಲಿರಲಿಲ್ಲ, ಗೌರಕ್ಕನೂ ನಾನೂ ಬಸ್ಸು ಹತ್ತಿದೆವು.

ಬೇರೆ ವಾರ್ಮರ್ ಖಾಲಿಯಿಲ್ಲದೆ ಆ ಯಂತ್ರದ ಕೆಳಗೇ ಕೂಸೊಂದನ್ನು ಮಲಗಿಸಿದ್ದರು. ಮೀಟರಿನ ಅಂಕಿ ಸರಿಯಾಗಿಯೇ ಇತ್ತು. ಗೌರಕ್ಕ ಕೈ ಒಡ್ಡಿದವಳು ಬೆಂಕಿ ತಗುಲಿದವಳಂತೆ ಹಿಂದಕ್ಕೆಳೆದುಕೊಂಡಳು.

"ಕೂಸ ಎತ್ಕಳಿ! ಮೊದ್ಲು ಎತ್ಕಳಿ!"

ನರ್ಸು ಎತ್ತಿಕೊಂಡಳು. ಕೂಸಿನ ಎದೆ ಹೊಟ್ಟೆಯೆಲ್ಲ ಕೆಂಪಡರಿತ್ತು. ವೈದ್ಯರು ಓಡಿ ಬಂದು ನೋಡಿ, ಸದ್ಯ ಅಪಾಯವೇನಿಲ್ಲ ಎಂದರು. ಗೌರಕ್ಕ ಹಿಂಬದಿಯ ತಗಡು ಬಿಚ್ಚಿದಳು. ಒಳಗಿದ್ದದ್ದು ನಮ್ಮ ಬೋರ್ಡಲ್ಲ. ನಮ್ಮ ಹೆಸರಿನ ಸ್ಟಿಕ್ಕರನ್ನು ಉಗುರಿನಿಂದ ಕೆರೆದಳು. ಅಡಿಯಲ್ಲಿ ಬೇರೆ ದೇಶದ ಕಂಪನಿಯ ಹೆಸರಿತ್ತು.

"ಇದ ನಾನು ನೋಡೇ ಇಲ್ಲ. ಯಾರವ್ವ ಪಾಸು ಮಾಡ್ದೋರು?"

ನರ್ಸು ಪ್ರಮಾಣಪತ್ರ ತಂದು ತೋರಿಸಿದಳು. ಕೆಳಗಿದ್ದ ಸಹಿ ನನ್ನದು. ಗೋಡೌನಿನಲ್ಲೇ ತಪಾಸಣೆ ಆಗಿದೆ ಎಂದು ಮಾಲೀಕರು ಕಾಗದದ ಕಟ್ಟು ಮುಂದಿಟ್ಟಿದ್ದರು, ನಾನು ಬರೆಯುತ್ತ ಹೋಗಿದ್ದೆ. ಗೌರಕ್ಕ ಕಾಗದ ನೋಡಿದಳು, ನನ್ನ ಮುಖ ನೋಡಿದಳು.

ಮರುದಿನ ಮಾಲೀಕರು ತಲೆ ತಗ್ಗಿಸಿಯೇ ಮಾತಾಡಿದರು. "ಸೆನ್ಸರ್ ಹೊರಗಿಂದ ಬರಬೇಕು, ಚಿಪ್ ಹೊರಗಿಂದ ಬರಬೇಕು. ಹೊರದೇಶದ ಇಡೀ ಯಂತ್ರವೇ ಅದಕ್ಕಿಂತ ಅಗ್ಗಕ್ಕೆ ಬರ್ತದೆ. ಟೆಂಡರಿನಲ್ಲಿ ಅಗ್ಗಕ್ಕೆ ಕೊಟ್ಟವರೇ ಗೆಲ್ಲೋದು. ನಾನೇನು ಮಾಡ್ಲಿ ಗೌರಮ್ಮ?"

"ತರ್ಸಿದ್ದಕ್ಕೆ ನಾನೇನೂ ಅನ್ನಕಿಲ್ಲ ಸಾ. ನಮ್ ಎಸ್ರು ಅಂಟ್ಸಿ, ನೋಡ್ದೇ ಕಳ್ಸಿದ್ರಲ್ಲ. ಅಷ್ಟನ್ನೂ ವಾಪಸ್ ತರ್ಸಿ. ಇಲ್ದಿದ್ರೆ ನಾನೇ ಒಂದೊಂದಾಸ್ಪತ್ರೆಗೂ ಓಗಿ ಏಳ್ತೀನಿ."

ಯಂತ್ರಗಳೆಲ್ಲ ವಾಪಸು ಬಂದವು. ಜೋಡಣೆಯ ಸಾಲು ಮಾತ್ರ ಮತ್ತೆ ಶುರುವಾಗಲಿಲ್ಲ. ಇಂಜಿನಿಯರು ಬಿಟ್ಟುಹೋದರು, ಆಮೇಲೆ ಗೌರಕ್ಕ. ಈಗ ಅಲ್ಲಿ ಹೊರಗಿಂದ ಬಂದ ಪೆಟ್ಟಿಗೆಗಳನ್ನು ಇಳಿಸಿ ಹೊರದೇಶದ ಹೆಸರಿನಲ್ಲೇ ಮಾರುತ್ತಾರೆ. ಅದರ ಕಾಗದಪತ್ರ ನಾನೇ ನೋಡಿಕೊಳ್ಳುತ್ತೇನೆ.

ಅವಳು ಕಡೆಯ ಸಲ ಸಿಕ್ಕಿದ್ದು ನಂಜನಗೂಡಿನ ಬಸ್ ನಿಲ್ದಾಣದಲ್ಲಿ. ಕೈ ಹಿಡಿದುಕೊಂಡು ಮಾತಾಡಿಸಿದಳು.

"ನಮ್ ಇಂಜಿನಿಯರು ಮೈಸೂರಲ್ಲಿ ಸ್ವಂತಕ್ಕೆ ವಾರ್ಮರ್ ಮಾಡಕ್ಕೆ ಸುರು ಮಾಡವ್ರೆ. ಸೆನ್ಸರೂ ಇಲ್ಲೇ ಮಾಡೋ ಅಂಗೆ ನೋಡ್ತಾವ್ರೆ, ಇನ್ನೂ ಸರ್ಯಾಗಿ ಬಂದಿಲ್ಲ. ಸರ್ಟಿಫಿಕೇಟು ಬರಿಯಕ್ಕೆ ಒಬ್ರು ಬೇಕು ಅಂತವ್ರೆ."

"ನನ್ನನ್ನ ಕರೀತಿದ್ದೀಯಾ ಅಕ್ಕ?"

ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ನೋಡ್ಬುಟ್ಟು ಸೈನ್ ಆಕೋದಾದ್ರೆ ಬಾ ಕಣವ್ವ."

ದನಿಯಲ್ಲಿ ಕೊಂಕಿರಲಿಲ್ಲ. ಬಸ್ಸು ಹೊರಟಿತು. ನಾನು ಕಾರ್ಖಾನೆಗೆ ಮರಳಿ, ಅಂದು ಬಂದ ಪೆಟ್ಟಿಗೆಗಳ ಕಾಗದಗಳನ್ನು ಮುಂದೆಳೆದುಕೊಂಡೆ.