ಬೋರಲಿಂಗಯ್ಯನ ಟಗರಿಗೆ ತೀರ್ಥ ಹಾಕಿದ ದಿನ

ನಮ್ಮ ಕೋಡಿಹಳ್ಳಿ ಕಡೆಯ ಬೋರಲಿಂಗಯ್ಯ ಆಳು ತಾಳೆಮರದಷ್ಟು, ಕರುಳು ಮಾತ್ರ ಬೆಣ್ಣೆ. ಉಳುವಾಗ ಎರೆಹುಳು ಕಂಡರೆ ಎತ್ತು ನಿಲ್ಲಿಸಿ, ಅದು ಬದು ದಾಟುವತನಕ ಬೀಡಿ ಸೇದುತ್ತ ಕೂರುತ್ತಿದ್ದ. ಅವನು ಉತ್ತು ಮುಗಿಸುವ ಹೊತ್ತಿಗೆ ಊರವರ ರಾಗಿ ಕೊಯ್ಲಾಗಿ, ಮುದ್ದೆಯಾಗಿ, ಅರಗಿಯೂ ಹೋಗಿರುತ್ತಿತ್ತು. ಅವನ ಬೀಡಿ ಹೊಗೆಯನ್ನು ಮೋಡವೆಂದು ತಿಳಿದು ಕನಕಪುರದ ಹೆಂಗಸರು ಒಣಹಾಕಿದ ಸೀರೆ ಎಳೆದುಕೊಳ್ಳುತ್ತಿದ್ದರಂತೆ. ಇದನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇಂಥವನ ತಲೆಗೆ ಒಂದು ಕೊಲೆ ಬಂತು. ಬುದ್ಧನ ಎರಡೂವರೆ ಸಾವಿರ ವರ್ಷದ ಜಯಂತಿ ನಡೆಯಿತಲ್ಲ, ಆ ವರ್ಷ ಮೊಮ್ಮಗಳಿಗೆ ಸಿಡುಬಿನ ಅಮ್ಮ ಎದ್ದು ಮೈಯೆಲ್ಲ ಗುಳ್ಳೆ. ಹೆಂಡತಿ ಮಾಯಮ್ಮ, ಕೂಸು ಉಳಿದರೆ ಟಗರು ಕೊಡುತ್ತೇನೆಂದು ಮಾರಮ್ಮನಿಗೆ ಹರಕೆ ಹೊತ್ತಳು. ಕೂಸು ಉಳಿಯಿತು. ಹರಕೆಗೆಂದು ತಂದ ಮರಿಯನ್ನು ಸಾಕುವ ಕೆಲಸ ಗಂಡನಿಗೆ ಬಿತ್ತು. ಎಡವಟ್ಟಾದದ್ದು ಅಲ್ಲೇ. ಹರಕೆ ಕುರಿಗೆ ಯಾರೂ ಹೆಸರಿಡುವುದಿಲ್ಲ. ಇವನು ತೀರಿಕೊಂಡ ತಮ್ಮನ ಹೆಸರೆತ್ತಿ ರಾಮಲಿಂಗ ಎಂದು ಕರೆಯತೊಡಗಿದ.

"ಈಗ ನನ್ನ ಕೈಲಿ ಮೈದುನನ್ನ ಕಡುಸ್ತೀರಾ?" ಎಂದು ಮಾಯಮ್ಮ ಹಣೆ ಚಚ್ಚಿಕೊಂಡಳು.

ಹರಕೆಯ ಮಂಗಳವಾರ ಹತ್ತಿರವಾದಂತೆ ಬೋರಲಿಂಗಯ್ಯ ಮುದ್ದೆ ಬಿಟ್ಟ. ವಿಚಾರಿಸಲು ಗೆಳೆಯರಿಬ್ಬರು ಬಂದು ಜಗಲಿಯಲ್ಲಿ ಕೂತರು. ಒಬ್ಬ ಚರ್ಚಿನಲ್ಲಿ ಜಪ ಹೇಳಿಕೊಡುವ ಉಪದೇಶಿ ಚೌರಪ್ಪ. ಇನ್ನೊಬ್ಬರು, ಜಯಂತಿ ನೋಡಿ ಬಂದಂದಿನಿಂದ ಬುದ್ಧನ ಪಟಕ್ಕೇ ಕೈಮುಗಿಯುತ್ತಿದ್ದ ಅಂಕಯ್ಯ ಮೇಷ್ಟ್ರು.

"ನಮ್ಮ ಯೇಸುಸ್ವಾಮಿ ಹೇಳವ್ರೆ," ಎಂದ ಚೌರಪ್ಪ. "ನೂರು ಕುರೀಲಿ ಒಂದು ತಪ್ಪಿಸ್ಕಂತಂತೆ. ಕುರಿ ಕಾಯೋನು ಮಿಕ್ಕಿದ್ದೆಲ್ಲ ಬುಟ್ಟು, ಅದುನ್ನ ಹುಡುಕಿ ಹೆಗಲ ಮ್ಯಾಲೆ ಹೊತ್ಕಂಡು ಬಂದ."

"ಬುದ್ಧನೂ ಹೊತ್ತವ್ನೆ ಕಣಯ್ಯ," ಎಂದರು ಮೇಷ್ಟ್ರು. "ರಾಜನ ಯಾಗಕ್ಕೆ ಕುರಿಹಿಂಡು ಹೋಗ್ತಿತ್ತು. ಒಂದು ಮರಿ ಕುಂಟು. ಅದನ್ನ ಎತ್ಕೊಂಡು ಯಾಗದ ಜಾಗಕ್ಕೇ ಹೋಗಿ, ಇವನ್ನ ಬುಟ್ಟು ನನ್ನ ಕಡೀರಿ ಅಂದ. ರಾಜ ಕತ್ತಿ ಇಳಿಸ್ದ."

"ನಿಮ್ಮೋರು ಮೊದ್ಲು ಹೊತ್ತಿರಬೌದು. ನಮ್ಮೋರು ದೂರ ಹೊತ್ತವ್ರೆ."

"ದೂರ ಅಳೆದೋನು ಯಾರ್ಲಾ, ನೀನಾ?"

"ಇಬ್ರೂ ಹೊತ್ತವ್ರಲ್ಲ, ಸಾಕು ಸುಮ್ನಿರ‍್ರಪ್ಪ," ಎಂದ ಬೋರಲಿಂಗಯ್ಯ. "ನಮ್ಮನೇವಳಿಗೆ ಹೇಳೋರ‍್ಯಾರು?"

ಒಳಗಿಂದ ಮಾಯಮ್ಮನ ದನಿ ಬಂತು. "ನಂಗೇನು ಕಿವುಡಾ? ಎಲ್ಲ ಕೇಳುಸ್ತಾ ಐತೆ. ನಾಳೆ ಕೂಸಿಗೆ ಏನಾರ ಆದ್ರೆ ನಿಮ್ಮಿಬ್ರು ಸ್ವಾಮಿಗಳೂ ಬಂದು ತೊಟ್ಲು ತೂಗ್ತಾರಾ?"

ಗೆಳೆಯರಿಬ್ಬರೂ ಜಗಲಿಯಿಂದೆದ್ದು ಮನೆ ದಾರಿ ಹಿಡಿದರು.

ನಮ್ಮಲ್ಲೊಂದು ಕಟ್ಟುಪಾಡು. ಟಗರಿನ ಮೇಲೆ ತೀರ್ಥ ಹಾಕುತ್ತಾರೆ. ಅದು ಮೈ ಕೊಡವಿದರೆ ಮಾರಮ್ಮ ಒಪ್ಪಿದಳೆಂದು ಅರ್ಥ, ಆಮೇಲೇ ಕತ್ತಿ. ಮಂಗಳವಾರ ಪೂಜಾರಿ ಚಲುವಯ್ಯ ತೀರ್ಥ ಹಾಕಿದ. ಟಗರು ಕಲ್ಲುಕಂಬದಂತೆ ನಿಂತಿತು. ಮತ್ತೊಂದು ಚೊಂಬು, ಮತ್ತೊಂದು ಬಿಂದಿಗೆ. ಅಷ್ಟು ನೀರಿಗೆ ಅರ್ಕಾವತಿ ಹೊಳೆಯೇ ದಡ ಮೀರಬೇಕಿತ್ತು. ಟಗರಿನ ಬಾಲವೂ ಅಲುಗಲಿಲ್ಲ. ಮಸಾಲೆ ಅರೆದಿಟ್ಟು ಬಂದಿದ್ದ ನೆಂಟರ ಮುಖ ಬಾಡಿತು. ಬೋರಲಿಂಗಯ್ಯ ಬೇವಿನ ಮರದ ಹಿಂದೆ ಕಣ್ಣು ಮುಚ್ಚಿ ನಿಂತಿದ್ದ.

ಚಲುವಯ್ಯ ಕೊನೆಗೆ ಟಗರಿನ ಕಿವಿ ಹಿಡಿದು ಚೊಂಬು ಬಗ್ಗಿಸಿದ. ಕಿವಿಗೆ ನೀರು ಹೋದರೆ ಕೊಡವದ ಟಗರು ಭೂಮಿ ಮೇಲಿಲ್ಲ, ಎಲ್ಲರಿಗೂ ಗೊತ್ತು. ಮಾಯಮ್ಮ ಮೊಮ್ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡೇ ಮುಂದೆ ಬಂದು ಅವನ ಕೈ ಹಿಡಿದಳು.

"ಕಿವಿಗೆ ಬ್ಯಾಡ ಪೂಜಾರಪ್ಪ. ಕಿವಿಗೆ ಹಾಕಿದ್ರೆ ನಾನೂ ಕೊಡವ್ತೀನಿ, ನೀನೂ ಕೊಡವ್ತೀಯ. ಅದು ಅವ್ವ ಒಪ್ಪಿದ್ದಲ್ಲ, ನಾವು ಒಪ್ಪಿಸಿದ್ದು."

"ಹರಕೆ ಗತಿ ಏನಮ್ಮ?"

"ಬೂದುಗುಂಬಳ ಒಡಿ. ನನ್ನ ಮರೀನ ಉಳಿಸ್ಕೊಟ್ಟೋಳು, ಇನ್ನೊಂದು ಮರಿ ಪ್ರಾಣ ಕೇಳಾಳಾ?"

ಮರದ ಹಿಂದೆ ಬೋರಲಿಂಗಯ್ಯ ಬಿಟ್ಟ ಉಸಿರಿಗೆ ಗುಡಿಯ ದೀಪ ಆರಿತು, ಬೇವಿನೆಲೆ ಹಾರಿ ಎಲ್ಲೋ ದೂರದ ಮರಳವಾಡಿ ಊರಲ್ಲಿ ಉದುರಿದವು. ಹಗ್ಗ ಬಿಚ್ಚಿದ್ದೇ ತಡ, ಟಗರು ಗುಡಿ ಮುಂದೆಯೇ ಮೈ ಕೊಡವಿ ಎಲ್ಲರನ್ನೂ ತೋಯಿಸಿತು.

"ಮಾಯಮ್ಮ, ಈಗ ಕೊಡವ್ತಲ್ಲ," ಎಂದ ಚಲುವಯ್ಯ ಮುಖ ಒರೆಸಿಕೊಳ್ಳುತ್ತ.

"ಅದಕ್ಕೆ ಚಳಿ ಕಣಪ್ಪ," ಎಂದು ಅವಳು ಸೆರಗಿನಿಂದ ಟಗರಿನ ಬೆನ್ನೊರೆಸಿದಳು.

ನೆಂಟರು ಆ ಮಸಾಲೆಗೆ ಅವರೆಕಾಳು ಬೇಯಿಸಿಕೊಂಡು ಉಂಡರು. ಬೋರಲಿಂಗಯ್ಯ ಅಂದು ತಿಂದ ಮುದ್ದೆಗಳನ್ನು ಉರುಳಿಸಿದ್ದರೆ ಕನಕಪುರ ತಲುಪುತ್ತಿದ್ದವು. ಕೂಸಿಗೆ ಏನೂ ಆಗಲಿಲ್ಲ. ಈಗ ಅವಳೇ ಅಜ್ಜಿ, ಮೊಮ್ಮಕ್ಕಳಿಗೆ ಬೈಯುತ್ತ ಗಟ್ಟಿಮುಟ್ಟಾಗಿದ್ದಾಳೆ.